ಕಮಾತಾದ ಕಪ್ಪು ನೀರಿನ ಸ್ನಾನದಂಗಡಿ

ಮಗಳ ಬಾಡಿಗೆ ಮನೆಯಲ್ಲಿ ಗೀಸರ್ ಕೆಟ್ಟಿದ್ದು 2025ರ ಏಪ್ರಿಲ್ 28, ಸೋಮವಾರ ರಾತ್ರಿ. ನಾನು ಟೋಕಿಯೋಗೆ ಬಂದು ಆಗ ಬರೀ ನಾಲ್ಕು ದಿನ. ಮನೆ ನೋಡಿಕೊಳ್ಳುವ ಕಂಪನಿಗೆ ಮಗಳು ಫೋನ್ ಮಾಡಿದಳು. ಆ ಕಡೆಯವರು ಹತ್ತು ಸಲ ಕ್ಷಮೆ ಕೇಳಿದರು. ಆಮೇಲೆ, ಹೊಸ ಬಿಡಿಭಾಗ ಮೇ 7ಕ್ಕೆ ಬರುತ್ತದೆ ಅಂದರು. ಗೋಲ್ಡನ್ ವೀಕ್ ಅಂತೆ. ಏಪ್ರಿಲ್ 29ರಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲಿ ರಜೆಗಳ ಸಾಲು. ನಡುವೆ ಮೂರು ದಿನ ಆಫೀಸು ಇದ್ದರೂ ಯಾರ ಮನಸ್ಸೂ ಕೆಲಸದಲ್ಲಿರುವುದಿಲ್ಲ. ಹಾಗಾಗಿ ನಮಗೆ ಕ್ಷಮೆ ಧಾರಾಳವಾಗಿ ಸಿಕ್ಕಿತು, ಬಿಸಿನೀರು ಸಿಗಲಿಲ್ಲ.

"ಅಮ್ಮಾ, ಸೆಂತೋಗೆ ಹೋಗೋಣ" ಅಂದಳು ಮಗಳು.

ಸೆಂತೋ ಅಂದರೆ ಬೀದಿಯ ಸ್ನಾನದಂಗಡಿ. ದುಡ್ಡು ಕೊಟ್ಟು ಒಳಗೆ ಹೋಗಿ ಊರವರ ಜೊತೆ ಸ್ನಾನ ಮಾಡಿ ಬರುವುದು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಇನ್ನೊಂದು ಕಡೆ. ಮೈಮೇಲೆ ನೂಲಿನ ಎಳೆಯೂ ಇರಬಾರದು. ಈ ಕೊನೆಯ ಮಾತನ್ನು ಅವಳು ಹೇಳಿದ್ದು ನಾನು ಚಪ್ಪಲಿ ಹಾಕಿಕೊಂಡ ಮೇಲೆ.

"ನೈಟಿ ಹಾಕ್ಕೊಂಡು ಇಳಿದ್ರೆ ಆಗಲ್ವಾ?"

"ನೈಟಿ ಹಾಕ್ಕೊಂಡ್ರೆ ಎಲ್ರೂ ನಿನ್ನನ್ನೇ ನೋಡ್ತಾರೆ. ಬಿಚ್ಚಿದ್ರೆ ಯಾರೂ ನೋಡಲ್ಲ."

ನನಗೆ 58. ಬ್ಯಾಂಕಿನಲ್ಲಿ 31 ವರ್ಷ ಕೌಂಟರಿನ ಹಿಂದೆ ಕೂತು ನಿವೃತ್ತಳಾದವಳು. ಅಪರಿಚಿತರ ಮುಂದೆ ಕೌಂಟರ್ ಇಲ್ಲದೆ ನಿಂತಿದ್ದೇ ಕಡಿಮೆ, ಇನ್ನು ಬಟ್ಟೆ ಇಲ್ಲದೆ ನಿಲ್ಲುವುದು ದೂರದ ಮಾತು. ಆದರೆ ತಣ್ಣೀರು ಮೈಗೆ ತಾಗಿದರೆ ನನಗೆ ಮಂಡಿ ಹಿಡಿದುಕೊಳ್ಳುತ್ತದೆ. ಹೋದೆ.

ಎಂಟು ದಿನದಲ್ಲಿ ಏಳು ಸಲ ಅದೇ ಸೆಂತೋಗೆ ಹೋಗಿದ್ದೇನೆ. ಹೆಸರು ಬೇಕಂತಲೇ ಬರೆಯುತ್ತಿಲ್ಲ. ಸಣ್ಣ ಜಾಗ, ಸಂಜೆ ಹೊತ್ತು ಅಲ್ಲಿನವರಿಗೇ ಕೂರಲು ಸ್ಟೂಲ್ ಸಿಗುವುದಿಲ್ಲ. ನೀವು ಹೋಗಬೇಕೆಂದರೆ ಕಮಾತಾ ಸ್ಟೇಷನ್ನಿನಲ್ಲಿ ಇಳಿದು ಯಾರನ್ನಾದರೂ ಕೇಳಿ. ಇದು ಓತಾ ವಾರ್ಡ್, ಹನೇದಾ ಏರ್‌ಪೋರ್ಟ್ ಇರುವ ವಾರ್ಡು. ಟೋಕಿಯೋದಲ್ಲಿ ಅತಿ ಹೆಚ್ಚು ಸೆಂತೋ ಇರುವುದು ಇಲ್ಲೇ. ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ.

ಬಾಗಿಲಿಗೆ ನೀಲಿ ಪರದೆ. ಅದರ ಮೇಲೆ ಮೀನಿನ ಹಾಗೆ ಕಾಣುವ ಒಂದೇ ಅಕ್ಷರ. 'ಯು' ಅಂತ ಓದಬೇಕು, ಬಿಸಿನೀರು ಅಂತ ಅರ್ಥ. ಒಳಗೆ ಹೋದ ಕೂಡಲೇ ಚಪ್ಪಲಿ ಗೂಡು. ಅದರ ಕೀಲಿ ಅಂದರೆ ಅಂಗೈಯಷ್ಟು ಮರದ ಹಲಗೆ, ಎಳೆದರೆ ಬೀಗ ಬಿತ್ತು. ಪಕ್ಕದಲ್ಲಿ ಟಿಕೆಟ್ ಮಷೀನು. ದೊಡ್ಡವರಿಗೆ 550 ಯೆನ್, ಶಾಲೆಗೆ ಹೋಗುವ ಚಿಕ್ಕ ಮಕ್ಕಳಿಗೆ 200, ಇನ್ನೂ ಚಿಕ್ಕವರಿಗೆ 100.

ಈ ಬೆಲೆಯ ಹಿಂದೆ ಒಂದು ಕಥೆ ಇದೆ. ಅಂಗಡಿಯವರು ಮನಸ್ಸಿಗೆ ಬಂದಷ್ಟು ಕೇಳುವಂತಿಲ್ಲ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಬೆಲೆ ಹಿಡಿತದಲ್ಲಿಡಲು ಒಂದು ಸರ್ಕಾರಿ ಆದೇಶ ಬಂತು. ಅಕ್ಕಿಯೂ ಅದರಿಂದ ಹೊರಬಂದು ದಶಕಗಳಾದವು, ಸೆಂತೋ ಸ್ನಾನ ಮಾತ್ರ ಇವತ್ತಿಗೂ ಅದರೊಳಗೇ ಇದೆ. ಅತಿ ಹೆಚ್ಚು ಎಷ್ಟು ತೆಗೆದುಕೊಳ್ಳಬಹುದು ಅನ್ನುವುದನ್ನು ಆಯಾ ಪ್ರಾಂತ್ಯದ ಸರ್ಕಾರವೇ ಹೇಳುತ್ತದೆ. ಟೋಕಿಯೋದಲ್ಲಿ 2024ರ ಆಗಸ್ಟಿನಿಂದ 550. ಒಂದು ಬಟ್ಟಲು ರಾಮೆನ್ ತಿಂದರೆ ಹತ್ತಿರ ಹತ್ತಿರ ಇದರ ಎರಡರಷ್ಟು ಆಗುತ್ತದೆ. ಬ್ಯಾಂಕಿನವಳಾಗಿ ನನಗೆ ಲೆಕ್ಕ ಹಾಕದೆ ಇರಲು ಆಗಲಿಲ್ಲ: ಇಷ್ಟು ನೀರು, ಇಷ್ಟು ಗ್ಯಾಸು, ಇಷ್ಟು ಕರೆಂಟು, ಇವರಿಗೆ ಉಳಿಯುವುದಾದರೂ ಏನು?

ಬಟ್ಟೆ ಬಿಚ್ಚುವ ಕೋಣೆಯಲ್ಲಿ ನಾನು ಲಾಕರಿನ ಬಾಗಿಲನ್ನೇ ಮರೆ ಮಾಡಿಕೊಂಡು ಬಹಳ ಹೊತ್ತು ನಿಂತಿದ್ದೆ. ಯಾರೂ ನೋಡಲಿಲ್ಲ. ನಿಜವಾಗಿ ಯಾರೂ ನೋಡಲಿಲ್ಲ. ನನ್ನ ಪಕ್ಕದಲ್ಲೇ ಎಂಬತ್ತು ದಾಟಿದ ಒಬ್ಬರು ತೂಕದ ಮಷೀನಿನ ಮೇಲೆ ಹತ್ತಿದರು. ಮುಖ ಗಂಟಿಕ್ಕಿಕೊಂಡು ಇಳಿದರು. ಕನ್ನಡಕ ತೆಗೆದಿಟ್ಟು ಮತ್ತೆ ಹತ್ತಿದರು. ನನಗೆ ನಗು ಬಂತು. ಅವರಿಗೂ ಬಂತು. ಅಲ್ಲಿಗೆ ನನ್ನ ನಾಚಿಕೆ ಅರ್ಧ ಇಳಿಯಿತು. ಆಮೇಲೆ ಏಳೂ ಸಂಜೆ ನನಗೆ ಸಿಕ್ಕವರು ಇವರೇ. ಇವರ ಸೋಪು, ಬ್ರಷ್ಷು, ಟವೆಲ್ಲು ಇರುತ್ತಿದ್ದದ್ದು ಒಂದು ಹಳದಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ. ಬುಟ್ಟಿಯನ್ನು ಮನೆಗೆ ಒಯ್ಯುತ್ತಲೂ ಇರಲಿಲ್ಲ, ಅಲ್ಲೇ ಶೆಲ್ಫಿನಲ್ಲಿ ಇಟ್ಟು ಹೋಗುತ್ತಿದ್ದರು. ನಾವು ಹಳದಿ ಬುಟ್ಟಿ ಅಜ್ಜಿ ಅಂತ ಹೆಸರಿಟ್ಟೆವು.

ಒಳಗೆ ಸಾಲು ಸಾಲು ನಲ್ಲಿ, ಪ್ರತಿಯೊಂದಕ್ಕೂ ಒಂದು ಕನ್ನಡಿ, ಮುಂದೆ ಒಂದು ಗಿಡ್ಡ ಸ್ಟೂಲು. ನಲ್ಲಿಗೆ ಇಲ್ಲಿ 'ಕರಾನ್' ಅನ್ನುತ್ತಾರೆ, ಡಚ್ಚರ ಮಾತಿನಿಂದ ಬಂದ ಪದ. ಕೆಂಪು ಗುಂಡಿ ಒತ್ತಿದರೆ ಬಿಸಿ, ನೀಲಿ ಒತ್ತಿದರೆ ತಣ್ಣೀರು. ನೀರು ಹಿಡಿಯಲು ಹಳದಿ ಬೋಗುಣಿ, ತಳದಲ್ಲಿ ಕೆಂಪು ಅಕ್ಷರದಲ್ಲಿ 'ಕೆರೊರಿನ್' ಅಂತ ಬರೆದಿರುತ್ತದೆ. ನಾನು ಅದು ಬೋಗುಣಿ ಮಾಡುವ ಕಂಪನಿಯ ಹೆಸರು ಅಂದುಕೊಂಡಿದ್ದೆ. ಅಲ್ಲವಂತೆ, ತಲೆನೋವಿನ ಮಾತ್ರೆಯ ಜಾಹೀರಾತು! 1963ರಲ್ಲಿ ಶುರುವಾಗಿದ್ದು, ಇವತ್ತಿಗೂ ದೇಶದ ತುಂಬ ಸೆಂತೋಗಳಲ್ಲಿ ಇದೇ ಬೋಗುಣಿ. ಒಸಾಕಾ ಕಡೆ ಇದು ಸ್ವಲ್ಪ ಚಿಕ್ಕದಿರುತ್ತದೆ ಅಂತ ಮಗಳು ಹೇಳಿದಳು. ಅಲ್ಲಿನವರು ತೊಟ್ಟಿಯಿಂದಲೇ ನೀರು ತೋಡಿ ಮೈಮೇಲೆ ಸುರಿದುಕೊಳ್ಳುತ್ತಾರೆ, ದೊಡ್ಡದಾದರೆ ಭಾರ. ಇಲ್ಲಿ ನಲ್ಲಿಯಿಂದ ಹಿಡಿಯುವುದು, ದೊಡ್ಡದಿದ್ದರೂ ನಡೆಯುತ್ತದೆ.

ನಿಯಮಗಳು ಜಾಸ್ತಿ ಇಲ್ಲ, ಇರುವಷ್ಟು ಗಟ್ಟಿ. ಮೊದಲು ಕೂತುಕೊಂಡು ಪೂರ್ತಿ ಸ್ನಾನ ಮುಗಿಸಬೇಕು. ನಿಂತು ಸುರಿದುಕೊಂಡರೆ ಪಕ್ಕದವರಿಗೆ ಸಿಡಿಯುತ್ತದೆ. ಸೋಪಿನ ಒಂದು ಗುಳ್ಳೆಯೂ ಮೈಮೇಲಿಲ್ಲದ ಮೇಲೆ ತೊಟ್ಟಿಗೆ ಇಳಿಯಬೇಕು. ಕೂದಲು ಕಟ್ಟಿರಬೇಕು, ಟವೆಲ್ ನೀರಿಗೆ ತಾಗಬಾರದು. ಎಲ್ಲರೂ ಟವೆಲ್ಲನ್ನು ಮಡಿಸಿ ತಲೆಯ ಮೇಲೆ ಇಟ್ಟುಕೊಂಡಿರುತ್ತಾರೆ. ಫೋನು ಬಟ್ಟೆಯ ಕೋಣೆಯಲ್ಲೂ ತೆಗೆಯುವಂತಿಲ್ಲ. ಇದರಿಂದ ನನಗೆ ಆದ ಲಾಭ ಏನೆಂದರೆ, ಮಾತು ಬದಲಿಸಿ ಕೊಡುವ ಆ್ಯಪ್ ಕೈಯಲ್ಲಿಲ್ಲ. ಬರುವುದು ನಾಲ್ಕು ಜಪಾನಿ ಮಾತು, ಉಳಿದಿದ್ದೆಲ್ಲ ಕೈಸನ್ನೆ.

ಇನ್ನು ನೀರು. ಎರಡು ದೊಡ್ಡ ತೊಟ್ಟಿ. ಒಂದರಲ್ಲಿ ಮಾಮೂಲಿ ನೀರು, ಇನ್ನೊಂದರಲ್ಲಿ ಕಪ್ಪು ನೀರು. ಕಪ್ಪು ಅಂದರೆ ಡಿಕಾಕ್ಷನ್ ಕಪ್ಪು. ಅಂಗೈಯನ್ನು ಒಂದು ಗೇಣು ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಓತಾ ವಾರ್ಡಿನ ನೆಲದಡಿಯಿಂದ ಬರುವ ನೀರಿದು, 'ಕುರೊಯು' ಅನ್ನುತ್ತಾರೆ. ಸಾವಿರಾರು ವರ್ಷ ಹಿಂದಿನ ಗಿಡಗಳು, ಕಡಲ ಪಾಚಿ ಎಲ್ಲ ಮಣ್ಣಿನೊಳಗೆ ಕೊಳೆತು, ಅದರ ಸಾರ ನೀರಿಗೆ ಇಳಿದು ಈ ಬಣ್ಣ. ಭೂಮಿಯಿಂದ ಬರುವಾಗ ತಣ್ಣಗೇ ಇರುತ್ತದೆ, ಕಾಯಿಸಿ ಬಿಡುತ್ತಾರೆ. ಮೈಗೆ ನುಣ್ಣಗೆ ಹತ್ತುತ್ತದೆ, ಸೀಗೆಪುಡಿ ಹಾಕಿ ತೊಳೆದ ಮೇಲೆ ಕೂದಲು ಆಗುತ್ತದಲ್ಲ, ಹಾಗೆ. ನನಗೆ ಇದರ ಇನ್ನೊಂದು ಗುಣ ಇಷ್ಟವಾಯಿತು: ಒಮ್ಮೆ ಇಳಿದು ಕೂತರೆ ಕತ್ತಿನಿಂದ ಕೆಳಗೆ ಏನೂ ಕಾಣುವುದಿಲ್ಲ. ನೈಟಿಯ ಕೆಲಸವನ್ನು ಅದೇ ಮಾಡಿತು.

ಮೊದಲ ದಿನ ಮಗಳ ಜೊತೆ ಬರೀ ಅದರಲ್ಲೇ ಕೂತು ಬಂದೆ. ಎಡವಟ್ಟಾಗಿದ್ದು ಎರಡನೇ ದಿನ, ಬುಧವಾರ. ಮಗಳಿಗೆ ಆಫೀಸು, ನಾನೊಬ್ಬಳೇ. ಕಪ್ಪು ತೊಟ್ಟಿ ತುಂಬಿತ್ತು, ಮಾಮೂಲಿ ನೀರಿನದಕ್ಕೆ ಕಾಲಿಟ್ಟೆ. ಕಾಲು ಹಾಗೇ ವಾಪಸ್ ಬಂತು. ಗೋಡೆಯ ಥರ್ಮಾಮೀಟರ್ 43 ತೋರಿಸುತ್ತಿತ್ತು. ತೊಟ್ಟಿಯ ಮೂಲೆಯಲ್ಲಿ ತಣ್ಣೀರಿನ ನಲ್ಲಿ ಇತ್ತು. ಇರುವುದೇ ಬಿಡಲಿಕ್ಕೆ ತಾನೆ ಅಂದುಕೊಂಡು ತಿರುಗಿಸಿದೆ.

ಮಾತು ನಿಂತಿತು. ಆವರೆಗೆ ಕಲಕಲ ಅಂತಿದ್ದ ಜಾಗ, ನೀರು ಬೀಳುವ ಸದ್ದು ಮಾತ್ರ ಉಳಿಯಿತು. ತೊಟ್ಟಿಯೊಳಗಿದ್ದ ಬಾಬ್ ಕಟ್ಟಿನ ಒಬ್ಬ ಹೆಂಗಸು, ನನ್ನದೇ ವಯಸ್ಸು ಇರಬಹುದು, ಗಡುಸಾಗಿ ಏನೋ ಅಂದರು. ಅರ್ಥವಾಗಲಿಲ್ಲ, ಆದರೆ ಬೈಗುಳ ಯಾವ ಭಾಷೆಯಲ್ಲೂ ತಿಳಿಯುತ್ತದೆ. ನಲ್ಲಿ ನಿಲ್ಲಿಸಿ ಮೂಲೆಯ ಸ್ಟೂಲಿಗೆ ಹೋಗಿ ಕೂತೆ. ತೊಳೆದ ಕೈಯನ್ನೇ ಮತ್ತೆ ತೊಳೆದೆ. ರಾತ್ರಿ ಮಗಳು ಹೇಳಿದಳು: ನೀರಿಗೆ ತಣ್ಣೀರು ಬೆರೆಸುವುದು ಸೆಂತೋದಲ್ಲಿ ಯಾವತ್ತಿನಿಂದಲೂ ಜಗಳದ ವಿಷಯ. ಟೋಕಿಯೋದ ಹಳಬರಿಗೆ ನೀರು ಸುಡಲೇಬೇಕು. ಬೆರೆಸಲೇಬೇಕಿದ್ದರೆ ಮೊದಲೇ ಇರುವವರನ್ನು ಕೇಳಿ ಬೆರೆಸಬೇಕು.

ಆವತ್ತು ನನ್ನನ್ನು ಕಾಪಾಡಿದ್ದು ಹಳದಿ ಬುಟ್ಟಿ ಅಜ್ಜಿ. ಬಂದು ಕೈ ಹಿಡಿದು ಎಬ್ಬಿಸಿದರು. ಅದೇ ತೊಟ್ಟಿಯ ಅಂಚಿಗೆ ಕರೆದುಕೊಂಡು ಹೋದರು. ಬೋಗುಣಿಯಲ್ಲಿ ಅದೇ ನೀರು ತೋಡಿ ನನ್ನ ಪಾದಕ್ಕೆ ಸುರಿದರು. ಮತ್ತೆ ಮಂಡಿಗೆ. ಮತ್ತೆ ಹೆಗಲಿಗೆ. ಆಮೇಲೆ ಕಾಲು, ಸೊಂಟ, ಎದೆ ಅಂತ ನಿಧಾನಕ್ಕೆ ಇಳಿಸಿದರು. ಕೂತ ಮೇಲೆ ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ ಕಲ್ಲಿನ ಹಾಗೆ ನಿಲ್ಲಿಸಿದರು. ಅಲುಗಾಡಬೇಡ! ಅದೇ ಗುಟ್ಟು. ಅಲುಗಾಡದಿದ್ದರೆ ಮೈಯ ಸುತ್ತಲಿನ ನೀರು ಹಾಗೇ ನಿಲ್ಲುತ್ತದೆ, ಅಷ್ಟು ಸುಡುವುದಿಲ್ಲ. ಒಂದು ಬೆರಳು ಆಡಿಸಿದರೂ ಸುರ್ ಅನ್ನುತ್ತದೆ. ಎರಡು ನಿಮಿಷ ಇದ್ದೆ. ಎದ್ದಾಗ ಕತ್ತಿನವರೆಗೆ ಕೆಂಪಗಾಗಿದ್ದೆ. ಅಜ್ಜಿ "ಗೊಕುರಾಕು, ಗೊಕುರಾಕು" ಅಂದರು. ಸ್ವರ್ಗ, ಸ್ವರ್ಗ ಅಂತ. ಇಲ್ಲಿ ಬಿಸಿನೀರಿಗೆ ಇಳಿದ ವಯಸ್ಸಾದವರ ಬಾಯಲ್ಲಿ ತಾನಾಗಿ ಬರುವ ಮಾತು.

ಗುರುವಾರ ಟವೆಲ್ ಹಿಡಿದು ಹೋದರೆ ಶಟರ್ ಎಳೆದಿತ್ತು. ವಾರದ ರಜೆ. ಬಾಗಿಲ ಮೇಲೆ ಬರೆದಿತ್ತು, ನನಗೆ ಓದಲು ಬರಬೇಕಲ್ಲ. ಹೋಗುವ ಮೊದಲು ರಜೆ ಯಾವತ್ತು ಅಂತ ಕೇಳಿಕೊಳ್ಳಿ. ಬೆಳಗ್ಗೆ ಹೋದರೂ ಪ್ರಯೋಜನವಿಲ್ಲ, ಹೆಚ್ಚಿನವು ತೆರೆಯುವುದೇ ಮಧ್ಯಾಹ್ನ ಮೂರು ನಾಲ್ಕರ ಮೇಲೆ. ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಅಜ್ಜ ಅಜ್ಜಿಯರ ಸಾಲು ನಿಂತಿರುತ್ತದೆ, ದಿನದ ಮೊದಲ ನೀರಿಗೆ.

ಟೋಕಿಯೋದ ರೈಲು ಹತ್ತಿದವರಿಗೆ ಗೊತ್ತು, ಇನ್ನೂರು ಜನ ಇದ್ದರೂ ಸೂಜಿ ಬಿದ್ದರೆ ಕೇಳಿಸುತ್ತದೆ. ಯಾರೂ ಫೋನಿನಲ್ಲೂ ಮಾತಾಡುವುದಿಲ್ಲ. ನಾಲ್ಕು ದಿನ ಹಾಗೆ ಓಡಾಡಿ ಈ ಜನ ಮಾತೇ ಆಡುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಸೆಂತೋದಲ್ಲಿ ನೋಡಿದರೆ ಬಾಯಿ ನಿಲ್ಲುವುದಿಲ್ಲ! ಸೊಸೆ, ಮಂಡಿನೋವು, ಮೂಲಂಗಿ ಬೆಲೆ. ಶುಕ್ರವಾರ ಒಬ್ಬರು ಮಗಳನ್ನು ನೋಡಿ ತಡೆದು ನಿಂತರು. ಮಗಳ ಮೇಲಿನ ಮನೆಯವರಂತೆ. ಮೂರು ವರ್ಷ ಲಿಫ್ಟಿನಲ್ಲಿ ತಲೆ ಬಾಗಿಸಿದ್ದು ಬಿಟ್ಟರೆ ಒಂದು ಮಾತಾಡಿರಲಿಲ್ಲ. ಆವತ್ತು ಕಪ್ಪು ನೀರಿನಲ್ಲಿ ಕತ್ತಿನವರೆಗೆ ಮುಳುಗಿ ಇಬ್ಬರೂ ಅರ್ಧ ಗಂಟೆ ಹರಟಿದರು. ಅವರ ಮನೆಯ ಗೀಸರ್ ಚೆನ್ನಾಗೇ ಇದೆ. ಸುಮ್ನೆ ಬರುತ್ತಾರೆ.

ಬೆನ್ನು ಉಜ್ಜಿಸಿಕೊಂಡಿದ್ದು ಕೂಡ ಶುಕ್ರವಾರವೇ. ನಾನು ಕೈ ತಿರುಚಿ ಬೆನ್ನಿಗೆ ಸೋಪು ಹಚ್ಚಲು ಹೆಣಗುತ್ತಿದ್ದೆ. ಅಜ್ಜಿ ತಮ್ಮ ಸ್ಟೂಲು ಎಳೆದುಕೊಂಡು ಹಿಂದೆ ಬಂದರು, ಒರಟು ನೈಲಾನ್ ಬಟ್ಟೆ ತೋರಿಸಿ ಹುಬ್ಬೇರಿಸಿದರು. ತಲೆಯಾಡಿಸಿದೆ. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲ! ಮೇಲಿಂದ ಕೆಳಗೆ, ಬೆನ್ನುಮೂಳೆಯ ಎರಡೂ ಕಡೆ, ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರು. ಆಮೇಲೆ ನನ್ನ ಸರದಿ. ಅವರ ಬೆನ್ನು ಚಿಕ್ಕದು, ಬಾಗಿತ್ತು, ಮೂಳೆ ಒಂದೊಂದೂ ಎಣಿಸಬಹುದಿತ್ತು. ಮೆಲ್ಲಗೆ ಉಜ್ಜಿದೆ. ಅವರಿಗೆ ಸಾಲಲಿಲ್ಲ, ಇನ್ನೂ ಜೋರಾಗಿ ಅಂತ ಕೈ ತಟ್ಟಿದರು.

ಅಜ್ಜಿಯ ಕಥೆ ಗೊತ್ತಾಗಿದ್ದು ಶನಿವಾರ, ಹೊರಗಿನ ಬೆಂಚಿನಲ್ಲಿ, ಮಗಳ ಬಾಯಿಂದ. ಅರವತ್ತರ ದಶಕದಲ್ಲಿ ಉತ್ತರದ ಕಡೆಯಿಂದ ಮದುವೆಯಾಗಿ ಕಮಾತಾಗೆ ಬಂದವರು. ಆಗ ಈ ಕಡೆಯೆಲ್ಲ ಸಣ್ಣ ಸಣ್ಣ ಕಾರ್ಖಾನೆಗಳು, ಈಗಲೂ ಇವೆ. ಗಂಡನಿಗೆ ಲೇತ್ ಕೆಲಸ, ಒಂದೇ ಕೋಣೆಯ ಮನೆ, ಬಚ್ಚಲು ಇಲ್ಲ. ಎಣ್ಣೆ ಮೆತ್ತಿದ ಗಂಡ, ಬೆನ್ನಿಗೆ ಮಗು, ಕೈಯಲ್ಲಿ ಬೋಗುಣಿ, ಪ್ರತಿ ರಾತ್ರಿ ಸೆಂತೋ. 1968ರ ಹೊತ್ತಿಗೆ ಜಪಾನಿನಲ್ಲಿ ಸುಮಾರು 18,000 ಸೆಂತೋ ಇದ್ದವು. ಈಗ 2,000ವೂ ಇಲ್ಲ. ಮನೆ ಮನೆಗೆ ಬಚ್ಚಲು ಬಂತು, ಸೌದೆ ಹೋಗಿ ಬಂದ ಗ್ಯಾಸು ದುಬಾರಿಯಾಯಿತು, ಮಾಲೀಕರ ಮಕ್ಕಳು ಬೇರೆ ಕೆಲಸ ಹಿಡಿದರು. ಅಜ್ಜಿಯ ಮನೆಯಲ್ಲೂ ಬಚ್ಚಲು ಇದೆ. ಅದರಲ್ಲಿ ಬಟ್ಟೆ ಒಣಹಾಕುತ್ತಾರಂತೆ.

ಮಾತಾಡುವಾಗ ಕುಡಿದದ್ದು ಕಾಫಿ ಹಾಲು. ಸ್ನಾನ ಮುಗಿಸಿ, ಒಂದು ಕೈ ಸೊಂಟಕ್ಕಿಟ್ಟು, ತಣ್ಣಗಿನ ಬಾಟಲಿಯನ್ನು ಒಂದೇ ಗುಕ್ಕಿಗೆ ಮುಗಿಸುವುದು ಇಲ್ಲಿನ ಪದ್ಧತಿ. ಕಾಫಿ ಅನ್ನುವ ಹೆಸರಿಗೆ ಮೋಸ ಹೋಗಬೇಡಿ, ಅದು ಸಿಹಿ ಹಾಲು, ಕಾಫಿ ಬರೀ ನೆಪಕ್ಕೆ. ಆದರೂ ಬೆಂದು ಹೊರಬಂದ ಮೈಗೆ ಅಮೃತ.

ದೂರುಗಳೂ ಇವೆ. ಮೊದಲನೆಯದು ಫ್ಯೂಜಿ ಬೆಟ್ಟದ್ದು. ಟೋಕಿಯೋದ ಸೆಂತೋ ಗೋಡೆಯಲ್ಲಿ ಫ್ಯೂಜಿ ಬೆಟ್ಟದ ಚಿತ್ರ ಇರುವುದು ಹಳೆಯ ವಾಡಿಕೆ. 1912ರಲ್ಲಿ ಕಾಂದಾದ ಒಂದು ಸೆಂತೋದಲ್ಲಿ ಶುರುವಾಯಿತಂತೆ. ಬರೆದ ಕಲಾವಿದ ಶಿಜುಓಕಾದವನು, ಅವನ ಊರಿನ ಬೆಟ್ಟವೇ ಅದು. ಈಗ ಈ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು ಜನ. ರಜೆಯ ದಿನ ಬಂದು, ಒಂದೇ ದಿನದಲ್ಲಿ ಇಡೀ ಗೋಡೆ ಬರೆದು ಹೋಗುತ್ತಾರೆ. ಎಲ್ಲ ಸರಿ, ಆದರೆ ನಮ್ಮ ಸೆಂತೋದಲ್ಲಿ ಶಿಖರ ಇರುವುದು ಗಂಡಸರ ಕಡೆ. ನಮ್ಮ ಪಾಲಿಗೆ ತಪ್ಪಲು, ಒಂದು ಕೆರೆ, ಒಂದು ದೋಣಿ. ಗಂಡಸರ ಟಿಕೆಟ್ಟೂ 550, ನಮ್ಮದೂ 550.

ನಡುಗೋಡೆ ಮಾತ್ರ ಮಾಡಿನವರೆಗೆ ಹೋಗುವುದಿಲ್ಲ, ಮೇಲೆ ಖಾಲಿ. ಆ ಕಡೆಯಿಂದ ಒಬ್ಬ ಯಜಮಾನರು ದಿನಾ ಎಂಟು ಗಂಟೆಗೆ "ಹೊರಡ್ತೀನಿ ಕಣೇ" ಅನ್ನುವ ಧಾಟಿಯಲ್ಲಿ ಕೂಗುತ್ತಿದ್ದರು. ಈ ಕಡೆಯಿಂದ ಅವರ ಹೆಂಡತಿ "ಹಾಯ್" ಅನ್ನುತ್ತಿದ್ದರು, ಅಂದರೆ ಆಯ್ತು. ಅಂದು ಮತ್ತೆ ಹತ್ತು ನಿಮಿಷ ನೀರಿನಲ್ಲೇ ಕೂತಿರುತ್ತಿದ್ದರು.

ಇನ್ನೊಂದು ಎಚ್ಚರಿಕೆ, ಮೂಲೆಯಲ್ಲಿ ಒಬ್ಬರೇ ಕೂರುವಷ್ಟು ಒಂದು ತೊಟ್ಟಿ ಯಾವಾಗಲೂ ಖಾಲಿ ಇರುತ್ತದೆ. ಖಾಲಿ ಯಾಕಿದೆ ಅಂತ ಯೋಚಿಸದೆ ಇಳಿಯಬೇಡಿ. ಅದು ಕರೆಂಟಿನ ತೊಟ್ಟಿ. ಎರಡೂ ಪಕ್ಕದ ತಗಡಿನಿಂದ ಸಣ್ಣಗೆ ಕರೆಂಟು ಹರಿಯುತ್ತದೆ, ನೋವಿಗೆ ಒಳ್ಳೆಯದು ಅನ್ನುತ್ತಾರೆ. ನನ್ನ ಸೊಂಟ ಹಿಡಿದು ಯಾರೋ ಜಗ್ಗಿದ ಹಾಗಾಯಿತು. ಚೀರಿಯೇ ಬಿಟ್ಟೆ. ಎಲ್ಲರೂ ನಕ್ಕರು, ಬಾಬ್ ಕಟ್ಟಿನ ಹೆಂಗಸೂ ನಕ್ಕರು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದರ ಹತ್ತಿರ ಹೋಗಲೇಬಾರದು.

ಮೇ 5, ಮಕ್ಕಳ ದಿನ. ಹೋಗುವಾಗಲೇ ಬೀದಿಗೆ ಹಸಿರು ವಾಸನೆ ಬರುತ್ತಿತ್ತು. ತೊಟ್ಟಿಯಲ್ಲಿ ಉದ್ದನೆಯ ಎಲೆಗಳ ಕಟ್ಟು ತೇಲುತ್ತಿತ್ತು. 'ಶೋಬು' ಅನ್ನುವ ಬಜೆ ಜಾತಿಯ ಗಿಡ. ಅದೇ ಉಚ್ಚಾರದ ಇನ್ನೊಂದು ಪದಕ್ಕೆ ಶೌರ್ಯವನ್ನು ಗೌರವಿಸುವುದು ಅನ್ನುವ ಅರ್ಥ, ಹಾಗಾಗಿ ಈ ಹಬ್ಬಕ್ಕೆ ಈ ಎಲೆ. ಒಂದು ಪುಟ್ಟ ಹುಡುಗಿ ಎಲೆಯನ್ನು ತಲೆಗೆ ಕಟ್ಟಿಕೊಂಡು ಓಡಾಡುತ್ತಿದ್ದಳು, ಕಟ್ಟಿಕೊಂಡರೆ ಕಾಯಿಲೆ ಬರುವುದಿಲ್ಲವಂತೆ. ಅಜ್ಜಿ ನನ್ನ ತಲೆಗೂ ಒಂದು ಕಟ್ಟಿದರು. ಕನ್ನಡಿಯಲ್ಲಿ ನೋಡಿಕೊಂಡೆ. 58 ವರ್ಷ, ಮೈಮೇಲೆ ಏನೂ ಇಲ್ಲ, ತಲೆಗೆ ಒಂದು ಎಲೆ.

ಮರುದಿನ, ಕೊನೆಯ ಸಂಜೆ, 43ರ ತೊಟ್ಟಿಗೆ ನಾನು ಪಾದ ಇಳಿಸುವಾಗ ಬಾಬ್ ಕಟ್ಟಿನ ಹೆಂಗಸು ಒಳಗೇ ಇದ್ದರು. ನನ್ನ ಮುಖ ನೋಡಿದರು, ತಣ್ಣೀರಿನ ನಲ್ಲಿ ಕಡೆ ಬೆರಳು ಮಾಡಿದರು, ಬಿಡಲಾ ಅನ್ನುವ ಹಾಗೆ ಕೈ ತಿರುಗಿಸಿದರು. ಬೇಡ ಅಂತ ತಲೆಯಾಡಿಸಿ ಇಳಿದು ಕೂತೆ. ಅಲುಗಾಡಲಿಲ್ಲ. ಮೊದಲು ಎದ್ದವಳು ನಾನೇ. ಏಳುವಾಗ "ಒಸಾಕಿನಿ" ಅಂದೆ. ನಿಮಗಿಂತ ಮೊದಲು ಹೊರಟೆ ಅಂತ, ಹೋಗುವವರೆಲ್ಲ ಉಳಿದವರಿಗೆ ಹೇಳುವ ಮಾತು. ನಾಲ್ಕೈದು ದನಿ ಒಟ್ಟಿಗೆ "ಒಯಾಸುಮಿನಾಸಾಯ್" ಅಂದವು, ಶುಭರಾತ್ರಿ ಅಂತ.

ಟವೆಲ್ಲು, ಸೋಪು, ಶಾಂಪೂ ಒಯ್ಯಿರಿ. ಮರೆತರೆ ಕೌಂಟರಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. 100 ಯೆನ್, 10 ಯೆನ್ ನಾಣ್ಯ ಇಟ್ಟುಕೊಳ್ಳಿ. ಮೈಮೇಲೆ ಹಚ್ಚೆ ಇರುವವರನ್ನು ಬಿಸಿನೀರಿನ ಬುಗ್ಗೆಯ ಎಷ್ಟೋ ಹೋಟೆಲುಗಳು ಒಳಗೆ ಬಿಡುವುದಿಲ್ಲ, ಬೀದಿಯ ಸೆಂತೋಗಳಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬೆನ್ನ ತುಂಬ ಡ್ರ್ಯಾಗನ್ ಇದ್ದ ಹುಡುಗಿ ದಿನಾ ನನ್ನ ಪಕ್ಕದ ನಲ್ಲಿಯಲ್ಲೇ ಕೂರುತ್ತಿದ್ದಳು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಬಿಸಿಗಲ್ಲ, ಬೈಗುಳಕ್ಕೂ ಅಲ್ಲ, ಫ್ಯೂಜಿ ಬೆಟ್ಟಕ್ಕೂ ಅಲ್ಲ. ಹೇರ್ ಡ್ರೈಯರಿಗೆ. 20 ಯೆನ್ ಹಾಕಿದರೆ ಮೂರು ನಿಮಿಷ ಓಡುತ್ತದೆ. ನನ್ನ ಕೂದಲು ಸೊಂಟದವರೆಗಿದೆ.